ಹೆಂಚಿನ ಕೆಳಗಿನ ಬೆಳೆ

"ತಟ್ಟೆ ಮುಟ್ಬ್ಯಾಡಿ!"

ಜಯಲಕ್ಷ್ಮಮ್ಮ ಕೂಗಿದ ರಭಸಕ್ಕೆ, ಹಗ್ಗ ಕತ್ತರಿಸಲು ಮಚ್ಚು ಎತ್ತಿದ್ದ ಆಳು ಹಾಗೇ ನಿಂತುಬಿಟ್ಟ. ಹೆಣ ಹೊರಲು ಬಂದಿದ್ದವರು ಅವನ ಹಿಂದೆ ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಳಕೋಣೆಯ ಮಂಚದ ಮೇಲೆ ಅವಳ ಗಂಡ ನಂಜುಂಡಸ್ವಾಮಿ ಮಲಗಿದ್ದ. ಎರಡು ದಿನ ಸುಟ್ಟ ಜ್ವರ ಎದೆಗೆ ಇಳಿದು, ಬೆಳಗಿನ ಜಾವ ಉಸಿರು ನಿಂತಿತ್ತು. ಈಗ ಅವನನ್ನು ಹೊರಗೆ ತಂದು ಜಗಲಿಯ ಮೇಲೆ ಕೂರಿಸಬೇಕು, ನೆಂಟರು ನೋಡಬೇಕು, ಹೊತ್ತು ಇಳಿಯುವುದರೊಳಗೆ ಮಣ್ಣಾಗಬೇಕು. ಆದರೆ ಕೋಣೆಯಿಂದ ಬೀದಿ ಬಾಗಿಲವರೆಗಿನ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಲೆಯಿಂದ ಇಳಿಬಿಟ್ಟ ಹಗ್ಗಗಳಲ್ಲಿ ಒಂದರ ಕೆಳಗೊಂದು ಮರದ ತಟ್ಟೆಗಳು. ಗೋಡೆಯುದ್ದಕ್ಕೂ ಮೀನಿನ ಅಂಗಡಿಯಿಂದ ತಂದ ಥರ್ಮೋಕೋಲ್ ಡಬ್ಬಗಳು, ಉದ್ದಕ್ಕೆ ಸೀಳಿದ ಎಣ್ಣೆ ಟಿನ್ನುಗಳು. ಎಲ್ಲದರಲ್ಲೂ ಗೇಣುದ್ದ ಎದ್ದು ನಿಂತ ಕೊತ್ತಂಬರಿ. ಮಾಡಿನಲ್ಲಿ ಅಲ್ಲಲ್ಲಿ ಕೂರಿಸಿದ ಗಾಜಿನ ಹೆಂಚುಗಳಿಂದ ಆಷಾಢದ ಮಂಕು ಬೆಳಕು ಇಳಿಯುತ್ತಿತ್ತು. ಆ ಬೆಳಕಿನಲ್ಲಿ ಇಡೀ ನಡುಮನೆ ಹಸಿರಾಗಿ ಕಾಣುತ್ತಿತ್ತು.

"ಅಲ್ಲ ಕಣವ್ವ, ಇವನ್ನೆಲ್ಲ ಆಚೆಗೆ ಹಾಕ್ದೆ ಅವನ್ನ ಹೆಂಗೆ ಈಚೆಗೆ ತರಾದು?" ಎಂದ ಬಸವರಾಜು. ನಂಜುಂಡಸ್ವಾಮಿಯ ಅಣ್ಣ. ಬೆಳಗಿನಿಂದ ಎಲ್ಲದಕ್ಕೂ ಅವನೇ ಓಡಾಡುತ್ತಿದ್ದ.

"ಆಚೆ ಮಳೆ ಸುರೀತೈತೆ ಬಾವ. ಅಂಗಳದಲ್ಲಿ ಇಟ್ರೆ ಒಂದು ಗಳಿಗೇಲಿ ನೆಲ ಕಚ್ತದೆ."

"ಕಚ್ಲಿ ಬುಡು. ಮನೆ ಯಜಮಾನ್ನೇ ಹೋದ ಮ್ಯಾಲೆ ಸೊಪ್ಪಿನ ಚಿಂತೆ ಏನವ್ವ?"

"ಇದು ಇವತ್ತು ಸಾಯಂಕಾಲ ಕೀಳ್ಬೇಕಾದ ಬೆಳೆ. ಅವರು ಮಾತು ಕೊಟ್ಟವ್ರೆ."

"ಯಾರು?"

"ನಿಮ್ಮ ತಮ್ಮ."

ಬಸವರಾಜು ಹಣೆ ಉಜ್ಜಿಕೊಂಡ. ದುಃಖಕ್ಕೆ ತಲೆ ಕೆಟ್ಟಿರಬೇಕು ಎನ್ನುವ ಹಾಗೆ ಬಾಗಿಲಲ್ಲಿದ್ದವರ ಕಡೆ ನೋಡಿ, ಸ್ವಲ್ಪ ಹೊತ್ತು ತಡೆಯಿರಿ ಎಂದು ಕೈಸನ್ನೆ ಮಾಡಿದ.

*

ಮಗಳು ರೂಪಶ್ರೀ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲದಲ್ಲಿ ನಂಜುಂಡಸ್ವಾಮಿ ಕಟ್ಟೆಮಳಲವಾಡಿಯ ಒಳ್ಳೆಯ ಹೊಗೆಸೊಪ್ಪು ಬೆಳೆಗಾರರಲ್ಲಿ ಒಬ್ಬ. ಆ ವರ್ಷ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಯಲ್ಲಿ, ಎಲ್ಲರೂ ಬ್ಯಾರನ್ ಎನ್ನುವ ಮನೆಯಲ್ಲಿ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಿನ ಅಂತಸ್ತಿಗೆ ಏರಿಸುತ್ತಿದ್ದಾಗ ಕಾಲ ಕೆಳಗಿನ ಗಳ ಮುರಿಯಿತು. ಮೈಸೂರಿನ ಆಸ್ಪತ್ರೆಯಿಂದ ವಾಪಸು ಬಂದಾಗ ಸೊಂಟದಿಂದ ಕೆಳಗಿನ ಮೈ ಅವನ ಮಾತು ಕೇಳುತ್ತಿರಲಿಲ್ಲ.

ಆಮೇಲೆ ಎರಡು ವರ್ಷ ಅವನು ಗೋಡೆಯ ಕಡೆ ತಿರುಗಿ ಮಲಗಿದ. ನೋಡಲು ಬಂದವರು ಮಂಚದ ಬದಿ ಕೂತು "ಪಾಪ, ಹೆಂಗಿದ್ದೋನು" ಎಂದು ಎದ್ದು ಹೋಗುತ್ತಿದ್ದರು. ಹೊಲವನ್ನು ಬಸವರಾಜು ತನ್ನದರ ಜೊತೆ ಸೇರಿಸಿ ಉಳುತ್ತಿದ್ದ. ರಾಗಿಗೆ ಕೊರತೆ ಮಾಡಲಿಲ್ಲ. ಆದರೆ ಮನೆಯಲ್ಲಿ ಗಂಡಸಿನ ದನಿ ಇರಲಿಲ್ಲ.

ಒಂದು ಮಧ್ಯಾಹ್ನ ಜಯಲಕ್ಷ್ಮಮ್ಮ ಸಾಂಬಾರ್ ಪುಡಿಗೆಂದು ಕೊತ್ತಂಬರಿ ಬೀಜ ಕೇರುತ್ತಿದ್ದಳು. ಯಾರೋ ಕರೆದರೆಂದು ಮೊರವನ್ನು ಅವನ ಮಂಚದ ಮೇಲಿಟ್ಟು ಹೋದಳು. ಮೊರ ಜಾರಿ ಬೀಜವೆಲ್ಲ ಗೋಡೆ ಬದಿಗೆ ಚೆಲ್ಲಿತು. ಬೈದುಕೊಳ್ಳುತ್ತ ಗುಡಿಸಿದಳು. ಗೋಡೆಯ ಬುಡದ ಬಿರುಕಿನಲ್ಲಿ, ಅವನ ಮೈ ಒರೆಸಿದ ನೀರು ಹರಿದು ನಿಲ್ಲುವಲ್ಲಿ, ನಾಲ್ಕು ಕಾಳು ಉಳಿದುಕೊಂಡವು.

ಎಷ್ಟೋ ದಿನ ಕಳೆದು ಒಂದು ಬೆಳಿಗ್ಗೆ ಒಳಗಿನಿಂದ ದನಿ ಬಂತು.

"ಜಯಾ, ಬಾ ಇಲ್ಲಿ."

ಬಿದ್ದ ಮೇಲೆ ಅವನಾಗಿ ಕರೆದದ್ದು ಅದೇ ಮೊದಲು. ಏನಾಯಿತೋ ಎಂದು ಅವಳು ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಇಲ್ಲಿ ಪೊರಕೆ ಆಡಿಸ್ಬ್ಯಾಡ."

"ಯಾಕೆ?"

"ಹುಟ್ಟೈತೆ."

ಅವಳು ಬಗ್ಗಿ ನೋಡಿದಳು. ಬಿರುಕಿನಿಂದ ಎರಡು ಎಳೆ ಎಲೆ ಹೊರಟು, ಎಲ್ಲಿಂದಲೋ ಬರುವ ಬೆಳಕಿಗೆ ಕತ್ತು ಹೊರಳಿಸಿ ನಿಂತಿದ್ದವು. ಅವನು ಮೊಣಕೈ ಊರಿ ಎದ್ದು ಅದನ್ನೇ ನೋಡುತ್ತಿದ್ದ.

ಮಾರನೆಯ ದಿನ ಒಡೆದ ಮಡಕೆಯಲ್ಲಿ ಮಣ್ಣು ಕೇಳಿದ. ಮೊದಲ ಸಲ ಹಾಕಿದ ಕಾಳು ಏಳಲೇ ಇಲ್ಲ. ಅಂಗೈ ಕೆಳಗೆ ಕಾಳನ್ನು ಉಜ್ಜಿ ಎರಡು ಹೋಳು ಮಾಡಿ, ಒದ್ದೆ ಬಟ್ಟೆಯಲ್ಲಿ ಒಂದು ರಾತ್ರಿ ಕಟ್ಟಿಟ್ಟು ಹಾಕಿದಾಗ ಎದ್ದವು. ಎದ್ದವೂ ಬೆಳಕು ಸಾಲದೆ ನೂಲಿನಂತೆ ಬೆಳೆದು ಬಿದ್ದವು. ಅಣ್ಣನಿಗೆ ಹೇಳಿ ಕಳಿಸಿದ, "ಮಾಡಿಗೆ ಒಂದು ಗಾಜಿನ ಹೆಂಚು ಹಾಕ್ಸು." ಬಸವರಾಜು ಗೊಣಗುತ್ತಲೇ ಹುಣಸೂರಿನಿಂದ ತಂದು ಹಾಕಿಸಿದ. ಆ ವರ್ಷವೇ ಮನೆಯ ಬಾಗಿಲುವಾಡ ರಿಪೇರಿಗೆಂದು ಹುಣಸೂರಿನ ಬಡಗಿ ಬಷೀರ್ ಬಂದದ್ದು. ಮಂಚದಿಂದ ಅರ್ಧ ಹೊರಗೆ ಜೋತು ಮಡಕೆಗೆ ನೀರು ಹಾಕುತ್ತಿದ್ದವನನ್ನು ಕಂಡು ಅವನು ಉಳಿ ಕೆಳಗಿಟ್ಟ.

"ಬೆಳಕಿರಾದು ಮ್ಯಾಲೆ, ಗಾಜಿನ ಹೆಂಚಿನ ತಾವ. ನಾನಂತೂ ಹತ್ತಕ್ಕಾಗಲ್ಲ ಸಾಬ್ರೇ. ಗಿಡಾನೇ ನನ್ ತಾವ ಇಳಿದು ಬರಂಗೆ ಏನಾರ ಮಾಡಿ" ಎಂದ ನಂಜುಂಡಸ್ವಾಮಿ.

ಬಷೀರ್ ಮಾಡಿದ. ಕೆಲಸಕ್ಕೆ ಬಾರದೆ ಬ್ಯಾರನ್ನಿನಲ್ಲಿ ಬಿದ್ದಿದ್ದ ಕಡ್ಡಿಗಳನ್ನೇ ಕೂಡಿಸಿ ತಟ್ಟೆ ಮಾಡಿ, ತೊಲೆಗೆ ರಾಟೆ ಕಟ್ಟಿ, ಹಗ್ಗದ ತುದಿಯನ್ನು ಮಂಚದ ಕಾಲಿಗೆ ತಂದ. ಎಳೆದರೆ ಮೇಲೆ, ಬಿಟ್ಟರೆ ಕೆಳಗೆ. ಬ್ಯಾರನ್ನಿನ ಒಳಗೆ ಅಂತಸ್ತಿನ ಮೇಲೆ ಅಂತಸ್ತು ಇರುವ ಹಾಗೇ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಬೇಸಾಯ ನಿಲ್ಲಲಿಲ್ಲ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ. ಬೇಸಗೆಯಲ್ಲಿ ಹೆಂಚಿನ ಮೇಲೆ ತೆಂಗಿನ ಗರಿ ಹೊದಿಸಿ ತಂಪು ಮಾಡಿಸುತ್ತಿದ್ದ, ಮಳೆಗಾಲದಲ್ಲಿ ಗರಿ ತೆಗೆಸಿ ಬೆಳಕು ಬಿಡಿಸುತ್ತಿದ್ದ. ಬಂದವರಿಗೆಲ್ಲ ಒಂದು ಎಲೆ ಕಿತ್ತು ಮೂಸಲು ಕೊಟ್ಟು, ಅವರು ಏನನ್ನುತ್ತಾರೆಂದು ಮುಖ ನೋಡುತ್ತಿದ್ದ. ಹೊಗಳಿದರೆ ಸಾಲದು, ತಡಮಾಡದೆ ಹೊಗಳಬೇಕು.

"ಮೊದ್ಲು ಹೊಗೆಸೊಪ್ಪು ಬೆಳೀತಿದ್ದೆ. ಈಗ ಹೊಗೆ ಹೋಯ್ತು, ಸೊಪ್ಪು ಉಳೀತು" ಎಂದು ತಾನೇ ನಗುತ್ತಿದ್ದ.

*

ಜಗಲಿಯಲ್ಲಿ ಹೆಂಗಸರ ನಡುವೆ ಕೂತಿದ್ದ ಪಕ್ಕದ ಮನೆಯ ಮರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಪಾ..." ಎಂದು ಬಾಯಿ ತೆರೆದವಳು ಅಲ್ಲಿಗೇ ನುಂಗಿಕೊಂಡಳು.

"ಅನ್ನಮ್ಮ, ಅನ್ನು" ಎಂದಳು ಪಕ್ಕದವಳು. "ಸೊಪ್ಪು ಕೊಡಕಿಲ್ಲ ಅನ್ನಕ್ಕೆ ಈಗ ಅವನಿಲ್ಲ."

"ಇಲ್ಲ ಕಣವ್ವ. ನಾಲಿಗೆಗೇ ಬರಾಕಿಲ್ಲ." ಮರಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. "ಒಂದು ಸರ್ತಿ ಪಾಪ ಅಂದ್ಬುಟ್ಟಿದ್ದೆ. ಯುಗಾದಿಯಿಂದ ಗೌರಿ ಹಬ್ಬದ ಗಂಟ ಒಂದೆಸಳು ಕೊಡ್ಲಿಲ್ಲ ಮಾರಾಯ. ಸಂತೆ ಸೊಪ್ಪು ಹಾಕಿ ಹಾಕಿ ನಮ್ಮನೆ ಸಾರು ನೀರಾಗೋಗಿತ್ತು. ಕೊನೆಗೆ ನಾನೇ ಬಾಗಿಲಿಗೆ ಬಂದು, ನಂಜುಂಡಪ್ಪ, ಈ ಸಲ ಬೆಳೆ ಚೆನ್ನಾಗಿ ಬಂದೈತಲ್ಲಪ್ಪ ಅಂದೆ. ತಟ್ಟೆ ಇಳ್ಸಿ ಮಡಿಲು ತುಂಬ ಕಿತ್ತುಕೊಟ್ಟ."

ಅಷ್ಟರಲ್ಲಿ ಕೊಡೆ ಮಡಚುತ್ತ ಬಷೀರ್ ಒಳಗೆ ಬಂದ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಜಗಲಿಯಲ್ಲಿದ್ದವರು ತಮ್ಮತಮ್ಮಲ್ಲೇ, "ನಾಳೆ ಮಗಳ ಮದ್ವೆ ಇಟ್ಕೊಂಡು ಬಂದವ್ರಲ್ಲ" ಎಂದುಕೊಂಡರು. ಅವನು ತಟ್ಟೆಗಳ ಕೆಳಗೆ ತಲೆ ಬಗ್ಗಿಸಿ ನುಸುಳಿ ಒಳಕೋಣೆಗೆ ಹೋದ. ಮಂಚದ ಕಾಲ ಹತ್ತಿರ ನೆಲದ ಮೇಲೆ ಕೂತು ಗೆಳೆಯನ ಪಾದದ ಮೇಲೆ ಕೈಯಿಟ್ಟ.

ನಡುಮನೆಯ ಕೊತ್ತಂಬರಿಯ ಕಡೆ ಮಾತ್ರ ಅವನು ಕಣ್ಣೆತ್ತಿ ನೋಡಲಿಲ್ಲ.

*

ಮಳೆ ಹಿಡಿಯುವ ಮುಂಚೆ ಅದೇ ಕೋಣೆಯಲ್ಲಿ, ಅದೇ ಮಂಚದ ಬದಿಯಲ್ಲಿ ಕೂತು ಬಷೀರ್ ಮಗಳು ಫರ್ಹಾನಾಳ ನಿಕಾಹ್ ಗೊತ್ತಾದ ಸುದ್ದಿ ಹೇಳಿದ್ದ. ಹುಡುಗನ ಕಡೆಯವರು ಪಿರಿಯಾಪಟ್ಟಣದವರು. ಊಟದ ವಿಷಯದಲ್ಲಿ ಬಲು ನಾಜೂಕಿನ ಜನ.

"ಬಿರಿಯಾನಿಗೆ ಎಲ್ಲ ಹೇಳಾಯ್ತು ನಂಜುಂಡಣ್ಣ. ಕೊತ್ತಂಬರಿದೇ ಯೋಚ್ನೆ. ಆ ಮಳೇಲಿ ಮಾರ್ಕೆಟಿಗೆ ಬರೋದೆಲ್ಲ ಕೊಳೆತಿರ್ತದೆ."

"ಮಾರ್ಕೆಟಿನದು ಯಾಕೆ ಬೇಕು? ಫರ್ಹಾನಾ ಮದ್ವೆಗೆ ಸೊಪ್ಪು ನಂದು."

ಬಷೀರ್ ನಕ್ಕ. "ಸಾರಿಗೆ ಒಂದು ಕಟ್ಟು ಅಲ್ಲ ಅಣ್ಣ. ಹಂಡೆಗಟ್ಟಲೆ ಬಿರಿಯಾನಿ. ಊರಿಗೂರೇ ಉಣ್ತದೆ."

"ಉಣ್ಲಿ. ನೀವು ತಟ್ಟೆ ಮಾಡ್ಕೊಡಿ."

"ಪುದೀನಾನೂ ಬೆಳೀತೀರಾ ಹಂಗಾದ್ರೆ?"

"ಪುದೀನ ಬೇರೆ ಕಡೆ ತಕ್ಕೊಳಿ." ನಂಜುಂಡಸ್ವಾಮಿ ಮುಖ ಸಿಂಡರಿಸಿದ. "ಕಡ್ಡಿ ಸಿಗ್ಸಿದ್ರೆ ಬರೋದು ಅದೇನು ಬೇಸಾಯ? ಬೀಜದಿಂದ ಎಬ್ಬಿಸ್ಬೇಕು. ಅದು ಬೆಳೆ."

ಮಾರನೆಯ ವಾರವೇ ಬಷೀರ್ ತನ್ನ ಅಂಗಡಿಯ ಹಲಗೆ ಚೂರುಗಳನ್ನೆಲ್ಲ ತಂದು ತಟ್ಟೆ ಕಟ್ಟಿಕೊಟ್ಟ. ಕೋಣೆ ಸಾಲದೆ ಬೆಳೆ ನಡುಮನೆಗೆ ಬಂತು. ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ದೇವರ ಗೂಡಿನ ಕೆಳಕ್ಕೆ ಹೋಯಿತು. ಜಯಲಕ್ಷ್ಮಮ್ಮ ಚಾಪೆ ಹಾಸಲು ಜಾಗವಿಲ್ಲದೆ ಗಂಡನ ಮಂಚದ ಕೆಳಗೇ ಮಲಗತೊಡಗಿದಳು. ಬೀಜ ಉಜ್ಜಿ ಉಜ್ಜಿ ಅವನ ಅಂಗೈ ಚರ್ಮ ಸುಲಿಯಿತು. ಕೆ.ಆರ್. ನಗರದ ಗಂಡನ ಮನೆಯಿಂದ ಬಂದಿದ್ದ ರೂಪಶ್ರೀ, "ಸಾಕು ನಿಲ್ಸಪ್ಪ, ಯಾರಿಗೆ ಈ ಹಟ?" ಎಂದು ಅವನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು.

"ನಾನು ಬಿದ್ದಾಗಿಂದ ಎಲ್ರೂ ನನಗೆ ಕೊಟ್ಟೋರೇ ಮಗಾ. ನಿನ್ ಮದ್ವೇನೂ ದೊಡ್ಡಪ್ಪನೇ ಮಾಡ್ದ" ಎಂದ. "ಒಂದು ಮದ್ವೆಗೆ ಇಂಥದ್ದು ನಂಜುಂಡಸ್ವಾಮಿ ಮನೇದು ಅನ್ನಂಗೆ ಆಗ್ಲಿ."

ಜ್ವರ ಬಂದ ಮೇಲೂ ಹಗ್ಗ ಬಿಟ್ಟಿರಲಿಲ್ಲ. ನಿನ್ನೆ ಸಂಜೆ ಒಂದು ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಇಳಿಸಿಕೊಂಡು, ಎಲೆಯ ಅಂಚು ಮುಟ್ಟಿ ನೋಡಿ, "ನಾಳೆ ಸಾಯಂಕಾಲ ಕೀಳಿ. ಅದಕ್ಕೆ ಮುಂಚೆ ಬ್ಯಾಡ" ಎಂದಿದ್ದ.

*

"ಬಷೀರಣ್ಣ, ಚೀಲ ತಂದಿದೀರಾ?"

ಜಯಲಕ್ಷ್ಮಮ್ಮ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಾಗ ಬಷೀರ್ ತಲೆ ಎತ್ತಲಿಲ್ಲ.

"ಆ ಮಾತು ಬುಡಿ ಅಕ್ಕ. ನಾನು ಸೊಪ್ಪಿಗೆ ಬಂದಿಲ್ಲ, ಹೆಗಲು ಕೊಡಕ್ಕೆ ಬಂದಿದೀನಿ. ಮೈಸೂರಿಗೆ ಹೇಳಿ ಕಳ್ಸಿದೀನಿ, ಸಿಕ್ಕಿದ್ದು ಸಿಕ್ತದೆ."

"ಕೊಳೆತಿದ್ದು ಸಿಕ್ತದೆ."

"ಸಿಗ್ಲಿ ಅಕ್ಕ. ಅಳೋ ಮನೆಯಿಂದ ತಕ್ಕೊಂಡೋಗಿ ನಗ್ತಾ ಉಣ್ಣೋದು ಹೆಂಗೆ? ನನ್ನ ಗಂಟಲಲ್ಲಿ ಇಳಿಯಲ್ಲ."

ಬಸವರಾಜು ಒಳಗೆ ಬಂದ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಸಾಬ್ರು ಹೇಳಾದು ಸರಿ ಕಣವ್ವ. ಸೂತಕದ ಮನೇದು ಮದ್ವೆ ಮನೆಗೆ ಹೋದ್ರೆ ಜನ ಸುಮ್ಕಿರ್ತಾರಾ? ನಾಳೆ ಆ ಮಗೀಗೆ ಒಂದು ತಲೆನೋವು ಬಂದ್ರೂ ನಂಜುಂಡನ ಸೊಪ್ಪಿನ ಮ್ಯಾಲೆ ಹಾಕ್ತಾರೆ. ಸತ್ತ ಮ್ಯಾಲೆ ಅವನಿಗೆ ಆ ಮಾತು ಯಾಕೆ?"

ಹೊರಗೆ ತಮಟೆಯವರು ಬಂದು ಸೂರಿನಡಿ ಬೆಂಕಿ ಮಾಡಿ ತಮಟೆ ಕಾಯಿಸುತ್ತಿದ್ದರು. ರೂಪಶ್ರೀ ಅವ್ವನ ತೋಳು ಹಿಡಿದುಕೊಂಡಳು.

"ಬಾವ" ಎಂದಳು ಜಯಲಕ್ಷ್ಮಮ್ಮ. "ಮಾವ ತೀರ್ಕೊಂಡ ದಿನ ಬ್ಯಾರನ್ ತುಂಬ ಸೊಪ್ಪು ಬೇಯ್ತಿತ್ತು. ಒಲೆ ಆರ್ಸಿದ್ರಾ?"

"ಅದೆಂಗವ್ವ ಆರ್ಸಾದು? ಸೊಪ್ಪೆಲ್ಲ ಕರ್ರಗಾಗೋಗದು."

"ಹೆಣ ಜಗಲೀಲಿ ಕೂರ್ಸಿ, ನೀವೇ ಹೋಗಿ ಒಲೆಗೆ ಸೌದೆ ಹಾಕ್ಬುಟ್ಟು ಬಂದ್ರಿ. ನಾನೇ ಕಣ್ಣಾರೆ ಕಂಡಿದೀನಿ. ಊರಲ್ಲಿ ಒಬ್ರೂ ಒಂದು ಮಾತು ಆಡ್ಲಿಲ್ಲ."

"ಅದು ಬೆಳೆ ಕಣವ್ವ!"

"ಇದೇನು ಬಾವ?"

ಇಷ್ಟು ವರ್ಷ ಈ ತಟ್ಟೆಗಳ ಕೆಳಗೆ ತಲೆ ತಗ್ಗಿಸಿಯೇ ಬಸವರಾಜು ಓಡಾಡಿದ್ದ. ತಮ್ಮನ ಹೊತ್ತು ಕಳೆಯುವುದಕ್ಕೆ ಒಂದು ಆಟ ಎಂದುಕೊಂಡಿದ್ದ. ಈಗ ತಲೆ ಎತ್ತಿ ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಯವರೆಗೆ ನೋಡಿದ. ಒಂದೇ ಎತ್ತರ, ಒಂದೇ ಹದ. ಎಲ್ಲೂ ಒಂದು ಹಳದಿ ಎಲೆಯಿಲ್ಲ. ಹೊಲದ ಬದುವಿನಲ್ಲಿ ನಿಂತು ಬೇರೆಯವರ ಬೆಳೆಯನ್ನು ನೋಡುವವನ ಹಾಗೆ ಬಹಳ ಹೊತ್ತು ನೋಡಿದ.

ಆಮೇಲೆ ಹೆಗಲ ಮೇಲಿನ ಟವಲನ್ನು ತಲೆಗೆ ಸುತ್ತಿದ. ಪಂಚೆ ಎತ್ತಿ ಕಟ್ಟಿದ.

"ಕುಡ್ಲು ತತ್ತಾ ಮಗಾ" ಎಂದ ರೂಪಶ್ರೀಗೆ.

"ಕುಡ್ಲು ಬ್ಯಾಡ ದೊಡ್ಡಪ್ಪ. ಬೇರು ಸಮೇತ ಕೀಳ್ಬೇಕು. ಕುಯ್ದ್ರೆ ಅಪ್ಪ ಬಯ್ಯೋರು."

"ಆಯ್ತು, ನೀನು ಹೇಳ್ದಂಗೆ." ಬಾಗಿಲಿನತ್ತ ತಿರುಗಿ ಕೂಗಿದ, "ಬರ್ರೋ ಒಳಕ್ಕೆ! ಸಾಯಂಕಾಲದ ಗಂಟ ಕಾಯಕ್ಕಾಗಕಿಲ್ಲ, ಮೊದ್ಲು ಬೆಳೆ ತೆಗೆದು ಆಮೇಲೆ ಎತ್ತಾನ." ಬಷೀರ್ ಇನ್ನೂ ನೆಲದ ಮೇಲೇ ಕೂತಿದ್ದ. "ಏನು ನೋಡ್ತೀರಾ ಸಾಬ್ರೇ? ರೈತ ಮಾತು ಕೊಟ್ಟವ್ನೆ. ನೀವು ಬ್ಯಾಡ ಅಂದ್ರೆ ಅವನಿಗೆ ಅವಮಾನ. ರಾಟೆ ನೀವೇ ಕಟ್ಟಿದ್ದಲ್ವಾ, ಇಳ್ಸಿ."

ಬಷೀರ್ ಎದ್ದ. ಕಣ್ಣೊರೆಸಿಕೊಂಡು ಮಂಚದ ಕಾಲಿನಿಂದ ಹಗ್ಗ ಬಿಚ್ಚಿದ. ಮೇಲಿನ ತಟ್ಟೆ ಕಿರುಗುಟ್ಟುತ್ತ ಇಳಿದು ಬಂತು.

ಹೆಣ ಹೊರಲು ಬಂದವರೆಲ್ಲ ಚಕ್ಕಳಮಕ್ಕಳ ಹಾಕಿ ಕೂತು ಕೀಳತೊಡಗಿದರು. ಒದ್ದೆ ಮಣ್ಣಿನಿಂದ ಬೇರು ಬಿಡಿಸಿಕೊಳ್ಳುವ ಸಣ್ಣ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಹೆಂಗಸರು ಜಗಲಿಯಿಂದ ಒಳಗೆ ಬಂದು ಮಣ್ಣು ಒದರಿ ಕಟ್ಟು ಮಾಡಿದರು. ಚಟ್ಟ ಕಟ್ಟಲು ತಂದಿದ್ದ ಬಾಳೆ ನಾರು ಬೇಕಾದಷ್ಟಿತ್ತು, ಅದರಲ್ಲೇ ಕಟ್ಟಿದರು. ಮೊದಮೊದಲು ಮುಖ ಗಂಟಿಕ್ಕಿಕೊಂಡಿದ್ದ ಒಬ್ಬ ಮುದುಕ ಒಂದು ಗಿಡ ಎತ್ತಿ ಹಿಡಿದು, "ಬೇರು ನೋಡ್ಲಾ, ಬೇರು! ಹೊಲದಾಗೂ ಇಂಗೆ ಇಳಿಯಾಕಿಲ್ಲ" ಎಂದ. ಆಮೇಲೆ ಮಾತು ಶುರುವಾಯಿತು. ನಂಜುಂಡಪ್ಪ ಗೊಬ್ಬರವನ್ನು ಜರಡಿ ಹಿಡಿಸುತ್ತಿದ್ದುದು, ಮೂಸಿ ಸುಮ್ಮನಿದ್ದವರ ಮೇಲೆ ಮುನಿಸಿಕೊಳ್ಳುತ್ತಿದ್ದುದು, ಒಬ್ಬೊಬ್ಬರೂ ಒಂದೊಂದು ಹೇಳಿದರು.

ಜಯಲಕ್ಷ್ಮಮ್ಮ ಮೊದಲ ಕಟ್ಟನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಮಂಚದ ಮೇಲೆ ಬಗ್ಗಿ ಕಟ್ಟನ್ನು ಅವನ ಮುಖದ ಹತ್ತಿರ ಹಿಡಿದಳು.

"ತುಂಬ ಬಂದೈತೆ ಕಣ್ರೀ" ಎಂದಳು. "ಚೀಲ ಸಾಲ್ದು."

ನಡುಮನೆ ಬರಿದಾಯಿತು. ಬಷೀರ್ ಖಾಲಿ ತಟ್ಟೆಗಳನ್ನೆಲ್ಲ ತೊಲೆಯ ಮಟ್ಟಕ್ಕೆ ಎಳೆದು ಕಟ್ಟಿದ. ಕೋಣೆಯಿಂದ ಬಾಗಿಲವರೆಗೆ ಅಗಲವಾದ ದಾರಿ ಬಿಟ್ಟುಕೊಂಡಿತು. ಆ ದಾರಿಯಲ್ಲಿ ನಂಜುಂಡಸ್ವಾಮಿಯನ್ನು ಹೊತ್ತು ತಂದು ಜಗಲಿಯ ಮೇಲೆ ಕೂರಿಸಿದರು. ತಲೆಗೆ ಹೊಸ ಪೇಟ ಸುತ್ತಿದವನು ಬಸವರಾಜುವೇ. ನೆಂಟರು ಬಂದು ನೋಡಿದರು, ಹೂವು ಹಾಕಿದರು. ಮರಮ್ಮ ಎದುರಿಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಬೆಳೆ ಬಾಳ ಚೆನ್ನಾಗಿ ಬಂದಿತ್ತು ಕಣಪ್ಪ" ಎಂದಳು.

ಗುಂಡಿ ತೋಡಿಸಿದ್ದು ಅವನದೇ ಹೊಲದಲ್ಲಿ, ಬಾವಿಯ ಪಕ್ಕ. ಅಲ್ಲಿ ಮೊಣಕಾಲೆತ್ತರ ಎದ್ದಿದ್ದ ಹೊಗೆಸೊಪ್ಪಿನ ಸಾಲುಗಳನ್ನು ಬಸವರಾಜು ಯಾರ ಅಪ್ಪಣೆಗೂ ಕಾಯದೆ ತಾನೇ ಕಿತ್ತು ಹಾಕಿಸಿದ್ದ. ಮಳೆಯಲ್ಲೇ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಣ್ಣು ಹಾಕಿದ ಕೈಗಳಿಂದ ಕೊತ್ತಂಬರಿಯ ವಾಸನೆ ಇನ್ನೂ ಹೋಗಿರಲಿಲ್ಲ.

*

ಸಂಜೆಯ ಬಸ್ಸಿಗೆ ಬಷೀರನ ಚೀಲಗಳನ್ನು ಹತ್ತಿಸಲು ನಾಲ್ಕು ಜನ ಬೇಕಾಯಿತು. ಬಾಯಿ ಬಿಗಿದರೆ ಬಾ‍ಡುತ್ತದೆಂದು ರೂಪಶ್ರೀ ಚೀಲಗಳನ್ನು ಕಟ್ಟಲು ಬಿಟ್ಟಿರಲಿಲ್ಲ. ಮಳೆಗೆ ಕಿಟಕಿಗಳನ್ನೆಲ್ಲ ಎಳೆದ ಬಸ್ಸಿನಲ್ಲಿ ಒದ್ದೆ ಕೊಡೆಗಳ, ಡೀಸೆಲ್ಲಿನ ನಾತ. ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಆಮೇಲೆ ಅವರ ಮುಂದಿನವರು.

"ಈ ಮಳೇಲಿ ಇಂಥ ಸೊಪ್ಪಾ?" ಒಬ್ಬ ರೈತ ಎದ್ದು ಬಂದು ಚೀಲಕ್ಕೆ ಕೈಯಿಟ್ಟು ನೋಡಿದ. "ಯಾರ ಹೊಲದ್ದು ಸಾಬ್ರೇ?"

"ಕಟ್ಟೆಮಳಲವಾಡಿ ನಂಜುಂಡಸ್ವಾಮಿಯವರದ್ದು."

"ಓಹೋ. ಎಷ್ಟು ಎಕರೆ ಹಾಕವ್ರೆ?"

ಬಷೀರ್ ಅವನ ಮುಖ ನೋಡಿದ. "ಮನೆ ತುಂಬ" ಎಂದ.

ರೈತ ಅರ್ಥವಾಗದೆ ತಲೆಯಾಡಿಸಿದ. ಲಗೇಜಿನ ಟಿಕೆಟು ಕೇಳಲು ಹತ್ತಿರ ಬಂದಿದ್ದ ಕಂಡಕ್ಟರ್ ಹೆಂಗಸು ಹೊರಗೆ ಇಣುಕಿದ್ದ ಒಂದು ಎಸಳನ್ನು ಮುರಿದು, ಬೆರಳುಗಳ ನಡುವೆ ಉಜ್ಜಿದಳು. ಅಷ್ಟರಲ್ಲಿ ಮುಂದಿನ ಸ್ಟಾಪು ಬಂತು. ಅವಳು ಅದೇ ಕೈಯಲ್ಲಿ ಕೊರಳಿನ ಸೀಟಿಯನ್ನು ಎತ್ತಿದಳು. ಸೀಟಿ ತುಟಿಯ ಹತ್ತಿರ ಬಂದು ನಿಂತಿತು. ಅವಳು ಕಣ್ಣು ಮುಚ್ಚಿ ಬೆರಳುಗಳನ್ನು ಇನ್ನೊಮ್ಮೆ ಮೂಸಿದಳು. ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದವರು ಕೈ ಬೀಸುತ್ತಿದ್ದಂತೆಯೇ, ಸೀಟಿ ಕೇಳಿಸದ ಬಸ್ಸು ಅವರನ್ನು ದಾಟಿ, ಹುಣಸೂರಿನ ಕಡೆ ಮುಂದಕ್ಕೆ ಹೋಯಿತು.